ಬಿಸಿ ನೋಡುವ ಕೈ

ನನ್ನ ಅಳಿಯ ಕಾರು ಒರೆಸುವುದನ್ನು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ದಿನಾ ಬೆಳಿಗ್ಗೆ ಅಂಗಳಕ್ಕೆ ಬರುತ್ತಾನೆ, ಒಂದು ಹಳೇ ಬನಿಯನ್ನನ್ನು ಬಕೆಟ್ಟಿಗೆ ಅದ್ದಿ ಹಿಂಡುತ್ತಾನೆ, ಮೊದಲು ಚಕ್ರ ಒರೆಸುತ್ತಾನೆ. ಆಮೇಲೆ ಅದೇ ಬನಿಯನ್ನಿನಲ್ಲಿ ಬಾಗಿಲು, ಅದೇ ಬನಿಯನ್ನಿನಲ್ಲಿ ಬಾನೆಟ್ಟು, ನೆಲ ಒರೆಸುವವರ ಹಾಗೆ ಸುತ್ತಿ ಸುತ್ತಿ. ಬಕೆಟ್ಟಿನ ನೀರು ಚರಂಡಿ ಬಣ್ಣಕ್ಕೆ ತಿರುಗಿದರೂ ಬದಲಾಯಿಸುವುದಿಲ್ಲ. ಆ ಬನಿಯನ್ ಒಂದಾನೊಂದು ಕಾಲದಲ್ಲಿ ಬೆಳ್ಳಗಿತ್ತು ಎಂದರೆ ಹಡೆದವರೂ ನಂಬಲಿಕ್ಕಿಲ್ಲ. ಒರೆಸಿ ಮುಗಿಸಿ ಅದನ್ನು ಕೊಡವಿ, ಕಾರಿನ ಕನ್ನಡಿಗೆ ಒಣಗಲು ಹಾಕಿ, ಒಳಗೆ ಬಂದು ತಿಂಡಿಗೆ ಕೂರುತ್ತಾನೆ. ಎದುರಿಗೆ ಕೂತ ನಾನು ತಟ್ಟೆ ಪಕ್ಕಕ್ಕೆ ಸರಿಸುತ್ತೇನೆ.

ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಗಿರಾಕಿಗಳ ಕನ್ನಡಕ ಒರೆಸಲು ಜೇಬಿನಲ್ಲಿ ಮೆತ್ತನೆಯ ಬಟ್ಟೆ ಇಟ್ಟುಕೊಂಡಿರುತ್ತಾನೆ, ಒರೆಸುವ ಮುಂಚೆ ಗಾಜಿನ ಮೇಲಿನ ದೂಳನ್ನು ಊದುತ್ತಾನೆ. ಅಂಗಡಿಯ ಬಾಗಿಲು ಎಳೆದ ಕೂಡಲೇ ಆ ಬುದ್ಧಿ ಎಲ್ಲಿಗೆ ಹೋಗುತ್ತದೋ ನಾನರಿಯೆ. ಕಾರು ಕಪ್ಪು. ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಸೂರ್ಯನ ಬಿಂಬದ ಸುತ್ತ ಕೂದಲೆಳೆಯಂಥ ಸಾವಿರಾರು ಗೀರುಗಳು ಸುತ್ತು ಸುತ್ತಾಗಿ ಎದ್ದು ಕಾಣುತ್ತವೆ. ಜೇಡ ಕಟ್ಟಿದ ಹಾಗಿರುವುದರಿಂದ ನಾನು ಕೆಲಸಕ್ಕಿದ್ದ ಕಾರು ಪಾಲಿಶ್ ಶೆಡ್ಡಿನಲ್ಲಿ ಅದಕ್ಕೆ ಬಲೆ ಅನ್ನುತ್ತಿದ್ದೆವು. ಮೂವತ್ತೆರಡು ವರ್ಷ ನಾನು ಮಾಡಿದ್ದು ಕಾರುಗಳ ಮೇಲಿನ ಬಲೆ ತೆಗೆಯುವ ಕೆಲಸ. ಕೊನೆಗಾಲಕ್ಕೆ ಬಂದು ಸೇರಿದ್ದು, ಬೆಳಗಾದರೆ ಬಲೆ ನೇಯುವವನ ಮನೆಗೆ.

ಸೇರಿ ಆರು ತಿಂಗಳಾಯಿತು. ನಮ್ಮ ಶೆಡ್ಡು ಮುಚ್ಚಿತು, ಬೇರೆ ದಾರಿ ಇರಲಿಲ್ಲ, ಮಗಳು ಕರೆದಳು, ಬಂದೆ. ಅಳಿಯನಿಗೆ ಬಹುವಚನ ಕೊಡಬೇಕು ಎಂದು ಮಗಳ ತಾಕೀತು. ಕೊಡುತ್ತೇನೆ, ಬಹುವಚನದಲ್ಲೇ ಬೈಯುತ್ತೇನೆ. ಅವನು ಒಂದಕ್ಕೂ ಎದುರಾಡುವುದಿಲ್ಲ. ಅದೂ ನನಗೆ ಸೇರದು. ಬೈದರೆ ತಿರುಗಿ ಬೈಯದ ಮನುಷ್ಯನ ಜೊತೆ ಎಷ್ಟು ದಿನ ಅಂತ ಕಾಲ ಹಾಕುವುದು? ಇನ್ನು ಅವನು ಮಾಡಿಕೊಡುವ ಟೀ. ಮನೆಯಲ್ಲಿ ಟೀ ಅವನದೇ ಪಾಲಿನ ಕೆಲಸ. ನನ್ನ ಲೋಟ ನನ್ನ ಕೈಗೆ ಬರುವ ಹೊತ್ತಿಗೆ ಅದು ಆರಿ ಅಕ್ಕಚ್ಚಾಗಿರುತ್ತದೆ. ಮೇಲೆ ಕೆನೆ ಕಟ್ಟಿ ಸುಕ್ಕಾಗಿರುತ್ತದೆ. ಬಚ್ಚಲಲ್ಲಿ ಅವನು ತುಂಬಿಟ್ಟ ನೀರೂ ಅಷ್ಟೆ, ಬಿಸಿನೀರು ಎಂದು ಹೆಸರಿಗೆ ಮಾತ್ರ. ಒಂದು ಸ್ವಂತ ಸಂಬಳ, ಒಂದು ಚಿಕ್ಕ ರೂಮು, ಹೊಗೆಯಾಡುವ ಟೀ. ನನಗೆ ಬೇಕಾಗಿದ್ದು ಇಷ್ಟು.

ಅದಕ್ಕೆ ಒಂದು ಅಡ್ಡಿ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಮೂವತ್ತೆರಡು ವರ್ಷ ಗುರುಗುಟ್ಟುವ ಮಿಷನ್ ಹಿಡಿದ ಕೈ ಇದು. ಮೊದಲು ಚಳಿಯ ಬೆಳಗಿನಲ್ಲಿ ಬೆರಳ ತುದಿ ಬೆಳ್ಳಗಾಗುತ್ತಿತ್ತು, ಆಮೇಲೆ ಜೋಮು ಹಿಡಿಯಿತು, ಆ ಜೋಮು ಮತ್ತೆ ಬಿಡಲಿಲ್ಲ. ಈಗ ಮಣಿಕಟ್ಟಿನಿಂದ ಕೆಳಗೆ ಎರಡು ಕೈಯೂ ಯಾರದೋ ಕೈ. ಅಂಗಿಯ ಗುಂಡಿಯನ್ನು ಕಣ್ಣಿಂದ ನೋಡಿ ಹಾಕಿಕೊಳ್ಳುತ್ತೇನೆ. ಪಾಲಿಶ್ ಕೆಲಸದವನಿಗೆ ಇದು ಎಂಥ ಗತಿ ಎಂದು ಹೇಳಬೇಕು. ಮಿಷನ್ ಉಜ್ಜಿದ ಜಾಗ ಬಿಸಿಯಾಗುತ್ತದೆ. ಬಣ್ಣದ ಮೇಲಿರುವ ಪಾರದರ್ಶಕ ಪದರ ಕಾಗದಕ್ಕಿಂತ ತೆಳು. ಬಿಸಿ ಏರಿದರೆ ಅದು ಸುಟ್ಟು, ಕೆಳಗಿನ ಬಣ್ಣವೂ ಹರಿದು ಹೋಗುತ್ತದೆ. ಅದಕ್ಕೇ ಎರಡು ಸುತ್ತಿಗೊಮ್ಮೆ ಮಿಷನ್ ಎತ್ತಿ ಕೈಯ ಹಿಂಭಾಗ ತಾಗಿಸಿ ಬಿಸಿ ನೋಡುತ್ತೇವೆ. ಶೆಡ್ಡಿನಲ್ಲಿ ಬಿಸಿ ನೋಡುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ಊರಾಚೆ ಒಂದು ದೊಡ್ಡ ಕಾರ್ ಪೇಂಟಿಂಗ್ ವರ್ಕ್‌ಶಾಪ್ ಶುರುವಾಗಿತ್ತು. ಹೊಸ ಕೆಲಸಗಾರರಿಗೆ ಕಲಿಸಲು ಹಳಬನೊಬ್ಬ ಬೇಕಾಗಿದ್ದಾನೆ ಎಂದು ಕೇಳಿ ಹೋದೆ. ಅಲ್ಲಿನ ಮೇಲ್ವಿಚಾರಕಿ ನಲವತ್ತರ ಹೆಂಗಸು, ಮಾತು ಕಡಿಮೆ. "ಬಾಯಲ್ಲಿ ಎಲ್ಲರೂ ಪಾಲಿಶ್ ಮಾಡ್ತಾರೆ. ನೀವು ಮಾಡಿದ ಒಂದು ಕಾರು ತೋರ್ಸಿ," ಅಂದಳು. "ಭಾನುವಾರ ನಾಲ್ಕು ಗಂಟೆಗೆ ನಿಮ್ಮ ಕಡೆ ಬರೋದಿದೆ, ಬಂದು ನೋಡ್ತೀನಿ." ತೋರಿಸಲು ನನ್ನ ಹತ್ತಿರ ಇದ್ದದ್ದು ಅಳಿಯನ ಬಲೆ ಕಟ್ಟಿದ ಕಾರೊಂದೇ. ಕೇಳಿದ್ದಕ್ಕೆ ಅವನು, "ಅದಕ್ಕೇನಂತೆ ಮಾವ, ಮಿಷನ್ ನಾನೇ ತರ್ತೀನಿ," ಅಂದ. ಆ ಧಾರಾಳವೂ ನನಗೆ ಮೈಯೆಲ್ಲ ಉರಿಸಿತು.

ಶನಿವಾರ ಮಿಷನ್ ಕೊಳ್ಳಲು ಹೋದೆವು. ಅಂಗಡಿಯವನು ಕಿವಿಯಲ್ಲಿ ಬೆಂಕಿಕಡ್ಡಿ ಆಡಿಸುತ್ತಾ, ಬಂದ ಗುಗ್ಗೆಯನ್ನು ನೋಡಿ ಪ್ಯಾಂಟಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಎರಡು ಮಿಷನ್ ಎತ್ತಿ ಮೇಜಿನ ಮೇಲಿಟ್ಟ. ಒಂದು, ಪ್ಯಾಡನ್ನು ಒಂದೇ ಸಮನೆ ಗಿರಗಿರ ತಿರುಗಿಸುವಂಥದ್ದು. ಶೆಡ್ಡಿನಲ್ಲಿ ನಾನು ಹಿಡಿದದ್ದು ಅದನ್ನೇ. ಇನ್ನೊಂದು ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ, ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಬಿಸಿ ಕೂಡುವುದು ಕಮ್ಮಿ.

"ಮನೇಲಿ ಮಾಡ್ಕೊಳ್ಳೋರಿಗೆ ಈ ಓಲಾಡೋದೇ ಸರಿ," ಅಂದ ಅಂಗಡಿಯವನು. "ಜಾಸ್ತಿ ಒತ್ತಿದ್ರೆ ತಾನೇ ನಿಂತುಬಿಡತ್ತೆ. ಬಣ್ಣ ಸುಡೋ ಭಯ ಇಲ್ಲ."

"ಒತ್ತಿದ್ರೆ ನಿಂತುಬಿಡೋದು ಮನೇಲಿ ಆಗ್ಲೇ ಒಂದಿದೆ," ಅಂದೆ.

ಅಳಿಯ ನಕ್ಕ. ಅವನಿಗೇ ಅಂದದ್ದು, ಅವನೇ ನಕ್ಕ. ಆಮೇಲೆ ಮೆಲ್ಲಗೆ, "ಮಾವ, ಇದೇ ತಗೊಳ್ಳೋಣ. ನಿಮಗೂ ಆರಾಮ," ಅಂದ.

"ನಿಮ್ಮ ಅಂಗಡಿಗೆ ಬಂದು ಯಾವ ಕನ್ನಡಕ ಮಾರಬೇಕು ಅಂತ ನಾನು ಹೇಳಿದೀನಾ?"

ನಾನು ಗಿರಗಿರ ತಿರುಗುವುದನ್ನೇ ಎತ್ತಿ ಹಿಡಿದು ನೋಡಿದೆ. ಹಿಡಿ ಕೈಗೆ ಕೂತಿದೆಯೋ ಇಲ್ಲವೋ ನನಗೇನು ಗೊತ್ತಾಗಬೇಕು? ಬೆರಳುಗಳು ಅದರ ಸುತ್ತ ಮಡಚಿಕೊಂಡಿರುವುದು ಕಣ್ಣಿಗೆ ಕಂಡಿತು. "ಹೂಂ, ಕೈಗೆ ಸರಿಯಾಗಿ ಕೂತಿದೆ," ಅಂದೆ. ದಪ್ಪ ಮತ್ತು ಮೆತ್ತನೆಯ ಸ್ಪಂಜಿನ ಪ್ಯಾಡುಗಳು, ಎರಡು ಬಗೆಯ ಪಾಲಿಶ್, ಒಂದು ಸುರುಳಿ ಟೇಪು ತೆಗೆದುಕೊಂಡೆವು.

ಭಾನುವಾರ ಬೆಳಿಗ್ಗೆ ಕಾರನ್ನು ನೆರಳಿಗೆ ತಳ್ಳಿಸಿ ನಾನೇ ತೊಳೆದೆ. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿಂದ ಕೆಳಕ್ಕೆ, ಕೊನೆಗೆ ಚಕ್ರ. ಆಮೇಲೆ ಬಣ್ಣಕ್ಕೆ ಕಚ್ಚಿಕೊಂಡ ಕೊಳೆ ಎಳೆಯುವ ಜೇಡಿಮಣ್ಣಿನಂಥ ಉಂಡೆಯನ್ನು ಸೋಪಿನ ನೀರು ಚಿಮುಕಿಸಿ ಮೆತ್ತಗೆ ಓಡಿಸಿದೆ. ಕೈಗೆ ಸ್ಪರ್ಶ ಇದ್ದವರು ಬೆರಳಾಡಿಸಿ ತರಿ ಇದೆಯೋ ನುಣುಪಾಯಿತೋ ನೋಡುತ್ತಾರೆ. ನಾನು ಕಿವಿ ಕೊಟ್ಟು ಕೇಳಿದೆ. ತರಿ ಇರುವವರೆಗೂ ಉಂಡೆ ಕರಕರ ಅನ್ನುತ್ತದೆ. ಸದ್ದು ನಿಂತಾಗ ಉಂಡೆ ತಿರುಗಿಸಿದೆ. ಅದರ ಹೊಟ್ಟೆಯಲ್ಲಿ ಮರದ ಅಂಟು, ಟಾರು, ಹಕ್ಕಿಯ ಹಿಕ್ಕೆ, ಹುಳದ ರೆಕ್ಕೆ, ಬನಿಯನ್ನಿನ ನೂಲು. ಇದರ ಮೇಲೆ ದಿನಾ ಒರೆಸಿ ನುಣ್ಣಗಾಯಿತು ಎಂದುಕೊಂಡಿದ್ದಾನಲ್ಲ ಎಂದು ಅಳಿಯನ ಮೂಗಿಗೆ ಹಿಡಿದೆ.

"ಇಷ್ಟೆಲ್ಲಾ ಇತ್ತಾ," ಅಂದ, ಬಗ್ಗಿ ಇನ್ನಷ್ಟು ಹತ್ತಿರದಿಂದ ನೋಡಿದ. ಅಸಹ್ಯಪಡಲೂ ಬಾರದ ಜನ್ಮ.

ಮೊದಲು ಹಿಂಬಾಗಿಲಿನ ಮೇಲೆ ಎರಡು ಗೇಣು ಜಾಗಕ್ಕೆ ಟೇಪು ಸುತ್ತಿ ಪರೀಕ್ಷೆ ಮಾಡಿದೆ. ಯಾವ ಕಾರೇ ಆಗಲಿ, ಶುರು ಮಾಡುವುದು ಎಲ್ಲಕ್ಕಿಂತ ಮೆತ್ತನೆಯ ಪ್ಯಾಡು, ಎಲ್ಲಕ್ಕಿಂತ ನಯವಾದ ಪಾಲಿಶಿನಿಂದ. ಅದರಿಂದ ಬಲೆ ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ನಾಲ್ಕು ಬೊಟ್ಟು ಪಾಲಿಶ್ ಇಟ್ಟು, ಮಿಷನ್ ನಿಧಾನಕ್ಕೆ ಇಟ್ಟು ಹರಡಿ, ವೇಗ ಏರಿಸಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಓಡಿಸಿದೆ. ಸ್ಪಿರಿಟ್ಟಿನಲ್ಲಿ ಒರೆಸಿ ದೀಪ ಹಿಡಿದೆ. ಎಣ್ಣೆಯ ಹೊಳಪಿನಡಿ ಗೀರು ಅಡಗಿ ಕೂತು ಮೋಸ ಮಾಡಬಾರದು, ಅದಕ್ಕೆ ಸ್ಪಿರಿಟ್ಟು. ಅರ್ಧ ಬಲೆ ಹೋಗಿತ್ತು. ಒಂದು ಮೆಟ್ಟಿಲು ಏರಿಸಿದೆ. ಎರಡನೇ ಸಲ ದೀಪ ಹಿಡಿದಾಗ ಅಲ್ಲಿ ದೀಪ ಒಂದೇ ಇತ್ತು, ಸುತ್ತ ಏನೂ ಇರಲಿಲ್ಲ. ಬಾವಿಯೊಳಗೆ ಬಗ್ಗಿ ನೋಡಿದ ಹಾಗಿತ್ತು.

ಮಧ್ಯಾಹ್ನ ಎರಡರೊಳಗೆ ನಾಲ್ಕು ಬಾಗಿಲೂ ಹಾಗೆ ಆದವು. ಬಾಗಿಲು ಚಪ್ಪಟೆ, ಬಿಸಿ ಹರಡಿಕೊಂಡು ಹೋಗುತ್ತದೆ, ಪಾಲಿಶ್ ಒಣಗುವುದನ್ನು ಕಣ್ಣಿಂದ ನೋಡಿಯೇ ನಿಭಾಯಿಸಿದೆ. ಸುಳ್ಳೇಕೆ, ನನಗೆ ಹಿಗ್ಗಾಯಿತು. ಕೈಗೆ ಸ್ಪರ್ಶ ಇಲ್ಲದಿದ್ದರೇನು, ಕಸುಬು ಕಣ್ಣಲ್ಲಿದೆ ಅನ್ನಿಸಿತು.

ಉಳಿದದ್ದು ಬಾನೆಟ್ಟು. ಅದರ ಎರಡೂ ಪಕ್ಕದಲ್ಲಿ ಉದ್ದಕ್ಕೆ ಚೂಪಾದ ಮಡಿಕೆ. ಮಡಿಕೆಯ ಮೇಲೆ ಪದರ ಇನ್ನೂ ತೆಳು, ಬಿಸಿ ಕೂಡುವುದೂ ಅಲ್ಲೇ. ಟೇಪು ಹಾಕದೆ ಯಾರೂ ಅದರ ಹತ್ತಿರ ಹೋಗುವುದಿಲ್ಲ. ನಾನೂ ಟೇಪಿನ ಸುರುಳಿ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅಳಿಯ, "ಮಾವ, ಆ ಮಡಿಕೆಗೆ ಟೇಪ್ ಹಾಕ್ಬೇಕಲ್ವಾ? ಎಲ್ಲೋ ನೋಡಿದ್ದೆ," ಅಂದ.

ಬನಿಯನ್ನಿನವನು ನನಗೆ ಪಾಠ ಹೇಳುತ್ತಿದ್ದ. ಸುರುಳಿಯನ್ನು ಕೆಳಗಿಟ್ಟೆ. "ಟೇಪು ಕೈ ಪಳಗದೋರಿಗೆ," ಅಂದೆ.

ಬಲಮಡಿಕೆಯ ಪಕ್ಕದಲ್ಲಿ ಬಲೆ ದಟ್ಟವಾಗಿತ್ತು. ಎರಡು ಸುತ್ತು ಹೊಡೆದೆ, ಮೂರನೆಯದಕ್ಕೆ ಮಡಿಕೆಯ ಮೇಲೂ ಹಾಯಿಸಿದೆ. ಅಳಿಯ ಕೈ ಚಾಚಿ ಅಂಗೈ ಇಟ್ಟು, ಥಟ್ಟನೆ ಎಳೆದುಕೊಂಡ. "ಮಾವ, ಸಿಕ್ಕಾಪಟ್ಟೆ ಬಿಸಿಯಿದೆ. ಸ್ವಲ್ಪ ಬಿಡಿ."

"ಕೈ ತೆಗೀರಿ ಮೊದ್ಲು. ಎಲ್ಲೆಲ್ಲಿ ಮುಟ್ಟಿದ ಕೈಯೋ." ಮಿಷನ್ ಎತ್ತಿ, ನನ್ನ ಕೈಯ ಹಿಂಭಾಗವನ್ನು ಅದೇ ಜಾಗಕ್ಕೆ ಇಟ್ಟೆ. ಮೂವತ್ತೆರಡು ವರ್ಷ ಇಟ್ಟ ಹಾಗೇ ಇಟ್ಟೆ. ಏನೂ ಇರಲಿಲ್ಲ, ಬಿಸಿಯೂ ಇಲ್ಲ, ತಂಪೂ ಇಲ್ಲ, ಬಾನೆಟ್ಟೂ ಇಲ್ಲ. "ತಣ್ಣಗಿದೆ," ಅಂದೆ.

ಇನ್ನು ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅದನ್ನು ನಾನು ಸತ್ತರೂ ಮರೆಯುವುದಿಲ್ಲ. ಮಿಷನ್ ಎತ್ತಿದೆ. ಮಡಿಕೆಯ ಮೇಲೆ ಹೆಬ್ಬೆಟ್ಟಿನಷ್ಟು ಅಗಲ ಕಪ್ಪು ಹೋಗಿ ಒಳಗಿನ ಬೂದಿ ಬಣ್ಣ ಬಾಯಿ ಬಿಟ್ಟಿತ್ತು, ಗಾಯದ ಹಕ್ಕಳೆ ಕಿತ್ತ ಹಾಗೆ. ಕಲಿಯುವವರ ಕೈಯಿಂದ ಇಂಥದ್ದು ಆದಾಗ ನಾನು ಶೆಡ್ಡಿನಲ್ಲಿ ಅವರ ಮುಖಕ್ಕೆ ಪ್ಯಾಡು ಎಸೆದದ್ದುಂಟು. ಈಗ ಎಸೆಯಲು ಯಾರೂ ಇರಲಿಲ್ಲ. ಅಳಿಯ ಹೋಗಿ ಸ್ವಿಚ್ಚು ಆರಿಸಿದ. ಆಮೇಲೆ ಆ ಜಾಗದ ಮೇಲಿದ್ದ ಪಾಲಿಶ್ ಹೊಟ್ಟನ್ನು ಬನಿಯನ್ನಿನಿಂದ ಒರೆಸಿದ.

ಮೇಲ್ವಿಚಾರಕಿ ನಾಲ್ಕಕ್ಕೆ ಸರಿಯಾಗಿ ಬಂದಳು. ಕೈಚೀಲದಿಂದ ಪುಟ್ಟ ಟಾರ್ಚು ತೆಗೆದು ಬಾಗಿಲುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ನೋಡಿದಳು. ಮಗಳು ಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. "ಇದು ಕೆಲಸ," ಅಂದಳು ಮೇಲ್ವಿಚಾರಕಿ. ಎದ್ದು ಮುಂದೆ ಬಂದಳು. ಟಾರ್ಚು ಬಾನೆಟ್ಟಿನ ಮಡಿಕೆಯ ಮೇಲೆ ನಿಂತಿತು. "ಇದೇನು?"

ನಾನು ಪ್ಯಾಡಿಗೆ ಅಂಟಿದ ಹೊಟ್ಟನ್ನು ಕೆರೆಯತೊಡಗಿದೆ.

"ಅದು ನನ್ನಿಂದಾಯ್ತು," ಅಂದ ಅಳಿಯ. "ಮಾವ ಬೇಡ ಬೇಡ ಅಂದ್ರು. ಒಂದು ಕೈ ನೋಡೋಣ ಅಂತ ನಾನೇ ಮಿಷನ್ ಹಿಡ್ಕೊಂಡೆ."

ಮಗಳು ಮೆಟ್ಟಿಲಿಳಿದು ಬಂದು ನೋಡಿದಳು. "ಥೂ, ನಿಮ್ಮದು ಕೈಯೋ ಕಾಲೋ? ಮುಟ್ಟಿದ್ದನ್ನೆಲ್ಲ ಹೊಲಸು ಮಾಡಿ ಇಡ್ತೀರಲ್ರೀ. ಅಪ್ಪ ಹೇಳೋದ್ರಲ್ಲಿ ಏನು ತಪ್ಪಿದೆ? ನೋಡಿದ್ರೆ ವಾಕರಿಕೆ ಬರತ್ತೆ."

ಒಂದೊಂದು ಮಾತೂ ನನ್ನದು. ಮಂಗಳವಾರ ಊಟಕ್ಕೆ ಕೂತಾಗ ನಾನೇ ಇದನ್ನೆಲ್ಲ ಹೀಗೇ ಅಂದಿದ್ದೆ, ಅವಳು ಆಗ ಸುಮ್ಮನಿರಪ್ಪ ಅಂದಿದ್ದಳು. ಈಗ ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಅಳಿಯ ತಲೆ ತಗ್ಗಿಸಿ, "ಟೀ ತರ್ತೀನಿ," ಎಂದು ಒಳಗೆ ಹೋದ.

"ಹೋಗ್ಲಿ, ಅದು ನಿಮ್ಮ ತಪ್ಪಲ್ವಲ್ಲ," ಎಂದಳು ಮೇಲ್ವಿಚಾರಕಿ ನನಗೆ. "ನಾಳೆಯಿಂದ ಬನ್ನಿ. ಹೊಸಬರಿಗೆ ಮೊದಲು ಕೈಯಲ್ಲಿ ಬಿಸಿ ನೋಡೋದು ಕಲಿಸಿ. ನಮ್ಮ ಹುಡುಗೀರು, ಹುಡುಗ್ರು ಬರೀ ಬಿಸಿ ತೋರ್ಸೋ ಮೀಟರ್ ನಂಬ್ಕೊಂಡು ಕೂತಿರ್ತಾರೆ."

"ಆಗಲಿ," ಅಂದೆ.

ನಾನೇ ಅಂದದ್ದು. ಇಷ್ಟು ಹೊತ್ತು ಬಾಯಿಗೆ ಬೀಗ ಬಿದ್ದಿದ್ದವನಿಗೆ ಆ ಮಾತು ಮಾತ್ರ ಸಲೀಸಾಗಿ ಬಂತು. ಬನಿಯನ್ನನ್ನು ಹಿಂಡಿದಾಗ ಇಳಿಯುವ ನೀರು ನನ್ನ ಬಾಯಿಂದಲೇ ಇಳಿದ ಹಾಗಾಯಿತು.

ಅಳಿಯ ತಟ್ಟೆಯಲ್ಲಿ ಮೂರು ಸ್ಟೀಲ್ ಲೋಟ ಇಟ್ಟುಕೊಂಡು ಬಂದ. ಮೇಲ್ವಿಚಾರಕಿ ತನ್ನದನ್ನು ಎತ್ತಿಕೊಂಡು, ಉಸ್ಸೆಂದು, ಅಂಚನ್ನು ಎರಡೇ ಬೆರಳಲ್ಲಿ ಹಿಡಿದಳು. ಮಗಳು ಸೆರಗಿನಲ್ಲಿ ಹಿಡಿದಳು. ಎರಡು ಲೋಟಗಳಿಂದಲೂ ಹೊಗೆ ಏಳುತ್ತಿತ್ತು. ತಟ್ಟೆಯಲ್ಲಿ ಉಳಿದ ನನ್ನ ಲೋಟದಿಂದ ಇಲ್ಲ. ಅದರ ಮೇಲೆ ಎಂದಿನಂತೆ ಕೆನೆ ಸುಕ್ಕುಗಟ್ಟಿತ್ತು. ಒಂದೇ ಪಾತ್ರೆಯಲ್ಲಿ ಕುದಿದ ಟೀ. ನನ್ನದನ್ನು ಮಾತ್ರ ಅವನು ಲೋಟದಿಂದ ಲೋಟಕ್ಕೆ ಹೊಯ್ದು, ಆರಿಸಿ ತಂದಿದ್ದ.

ಆರು ತಿಂಗಳ ಟೀ ಒಟ್ಟಿಗೇ ನೆನಪಾಯಿತು. ಬಚ್ಚಲಿನ ಉಗುರುಬೆಚ್ಚಗಿನ ನೀರು ನೆನಪಾಯಿತು. ಅವನ ಮುಖ ನೋಡಿದೆ. ಅವನು ಬೇರೆಲ್ಲೋ ನೋಡುತ್ತಾ ನನ್ನ ಲೋಟ ನನ್ನತ್ತ ಸರಿಸಿದ. ನನ್ನ ಕೈಯ ವಿಷಯ ಅವನಿಗೆ ಗೊತ್ತಿತ್ತು. ಯಾವತ್ತಿನಿಂದಲೋ ಗೊತ್ತಿತ್ತು. ಗೊತ್ತಿದ್ದೂ ನನ್ನ ಬೈಗುಳ ತಿನ್ನುತ್ತಿದ್ದ.

ನಾನು ಮೇಲ್ವಿಚಾರಕಿಯ ಕೈಯಿಂದ ಅವಳ ಲೋಟ ತೆಗೆದುಕೊಂಡೆ. ಮುಷ್ಟಿಯಲ್ಲಿ ಇಡಿಯಾಗಿ ಸುತ್ತಿ ಹಿಡಿದು ಅವಳ ಮುಂದೆ ಚಾಚಿದೆ. "ಇದು ಬಿಸಿ ಇದೆಯಾ ಅಮ್ಮ?" ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಹಿಡಿದೇ ಇದ್ದೆ. ಮಗಳು, "ಅಪ್ಪ, ಬಿಡು," ಅಂದಳು. ಅಳಿಯ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟ ತೆಗೆದ. ಅಂಗೈ ಕೆಂಪಗೆ ಕನಲಿತ್ತು.

"ಬಾನೆಟ್ಟು ಸುಟ್ಟಿದ್ದು ನಾನು," ಅಂದೆ. "ಇವರು ಬಿಸಿಯಿದೆ ಅಂತ ಹೇಳಿದ್ರು. ನಾನು ತಣ್ಣಗಿದೆ ಅಂದೆ. ನನ್ನ ಕೈಗೆ ಏನೂ ಗೊತ್ತಾಗಲ್ಲ. ಎರಡು ವರ್ಷ ಆಯ್ತು. ಗೊತ್ತಿದ್ದೂ ಕೆಲಸ ಕೇಳ್ಕೊಂಡು ಬಂದೆ, ಗೊತ್ತಿದ್ದೂ ತಪ್ಪನ್ನ ಇವರು ಹೊತ್ಕೊಳ್ಳೋಕೆ ಬಿಟ್ಟೆ."

ಮೇಲ್ವಿಚಾರಕಿ ಟಾರ್ಚನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. "ನಿಮ್ಮ ಕಣ್ಣು ಚೆನ್ನಾಗಿದೆ," ಅಂದಳು. "ಆದ್ರೆ ನನಗೆ ಬೇಕಾಗಿರೋದು ಕೈ." ಬೇರೆ ಏನಾದರೂ ಇದ್ದರೆ ತಿಳಿಸುತ್ತೇನೆ ಎಂದೂ ಸೇರಿಸಿದಳು. ಅದರ ಅರ್ಥ ನನಗೂ ಗೊತ್ತು, ಅವಳಿಗೂ ಗೊತ್ತು. ಗೇಟಿನ ಚಿಲಕ ತಾನೇ ಹಾಕಿಕೊಂಡು ಹೋದಳು.

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ನನಗಾಗಿಯೋ, ಗಂಡನಿಗೆ ಅಂದದ್ದಕ್ಕೋ, ಕೇಳುವ ಮುಖ ನನಗಿರಲಿಲ್ಲ. ಅಳಿಯ ನನ್ನನ್ನು ಅಂಗಳದ ನಲ್ಲಿಗೆ ಕರೆದುಕೊಂಡು ಹೋಗಿ ಅಂಗೈಯನ್ನು ನೀರಿನ ಕೆಳಗೆ ಹಿಡಿದ.

"ಯಾವಾಗಿಂದ ಗೊತ್ತು?" ಅಂದೆ.

"ನೀವು ಬಂದ ವಾರಾನೇ. ಕುದಿಯೋ ಪಾತ್ರೆನ ಬರಿಗೈಯಲ್ಲಿ ಇಳಿಸಿದ್ರಿ. ಬೊಬ್ಬೆ ಬಂದಿದ್ದು ಮಾರನೇ ದಿನ ನೋಡಿದೆ."

"ಹೇಳಬಾರದಿತ್ತಾ?"

"ಹೇಳಿದ್ರೆ ಬೈತಿದ್ರಿ."

"ಹೇಳದೇ ಇದ್ರೂ ಬೈದೆನಲ್ಲ."

"ಅದು ಕಾರಿನ ವಿಷಯಕ್ಕೆ," ಅಂದ.

ಬಾನೆಟ್ಟಿನ ಎಡ ಅರ್ಧ ಇನ್ನೂ ಬಲೆ ಕಟ್ಟಿಕೊಂಡೇ ಇತ್ತು. ಅರ್ಧ ಮಾಡಿ ಬಿಟ್ಟ ಕೆಲಸದಷ್ಟು ಹೇಸಿಗೆ ನನಗೆ ಇನ್ನೊಂದಿಲ್ಲ. "ಟೇಪು ತಗೊಂಡು ಬಾ," ಅಂದೆ. ಎಡಮಡಿಕೆಯ ಉದ್ದಕ್ಕೂ ಅವನೇ ಟೇಪು ಅಂಟಿಸಿದ, ಹಾವು ಹರಿದ ಹಾಗೆ ಸೊಟ್ಟಗೆ. ಕಿತ್ತು ಮತ್ತೆ ಹಾಕಿಸಿದೆ. ಒದ್ದೆ ಕೈಗೆ ಬಟ್ಟೆ ಸುತ್ತಿಕೊಂಡು ಮಿಷನ್ ಹಿಡಿದು, ವೇಗ ತಗ್ಗಿಸಿ ಎರಡು ಸುತ್ತು ಹೊಡೆದು ಎತ್ತಿದೆ.

"ಕೈ ಇಡಪ್ಪ," ಅಂದೆ.

ಅವನು ಬಲಗೈಯ ಹಿಂಭಾಗವನ್ನು ಬಾನೆಟ್ಟಿಗೆ ಇಟ್ಟ, ನಾನು ಇಡುತ್ತಿದ್ದ ಹಾಗೇ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ. "ಬೆಚ್ಚಗಿದೆ ಮಾವ. ಇನ್ನೊಂದು ಸುತ್ತು ತಡ್ಕೊಳ್ಳತ್ತೆ."

ಮಿಷನ್ ಶುರು ಮಾಡಬೇಕು ಎನ್ನುವಾಗ ಅವನ ಎಡಗೈ ಕಣ್ಣಿಗೆ ಬಿತ್ತು. ಅದರಲ್ಲಿ ಆ ಬನಿಯನ್ ಇತ್ತು, ಒರೆಸಲು ತಯಾರಾಗಿ. ನಾನು ಮಿಷನ್ ಕೆಳಗಿಟ್ಟೆ.

"ಅದನ್ನ ಆಚೆ ಎಸೆದು, ಸೋಪು ಹಾಕಿ ಕೈ ತೊಳ್ಕೊಂಡು ಬಾ," ಅಂದೆ. "ಎರಡೂ ಕೈ. ಅಲ್ಲೀವರೆಗೂ ನಾನು ಮಿಷನ್ ಮುಟ್ಟಲ್ಲ."

ಅವನು ನಲ್ಲಿಯ ಕಡೆ ಹೋದ. ನಾನು ಸುಟ್ಟ ಮಡಿಕೆಯ ಪಕ್ಕದಲ್ಲಿ ಕಾಯುತ್ತಾ ನಿಂತೆ.